ಹುಣಸೆಹಣ್ಣಿನಲ್ಲಿ ಉಜ್ಜಿದ ಎಂಜಿನ್ನು

ಹುಣಸೆಹಣ್ಣಿನ ನಾರೊಂದು ಎಂಜಿನ್ನಿನ ಗಂಟೆಗೆ ಸುತ್ತಿಕೊಂಡು ಕೂತಿತ್ತು. ಎಳೆದು ತೆಗೆಯಲೆಂದು ಕೈ ಚಾಚಿದ ಶಿವಪ್ರಕಾಶನಿಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಟವೆಲ್ಲು ಹಾಸಿತ್ತು. ಅದರ ಮೇಲೆ ಜೋಡಿ ದೀಪ, ಆರತಿ ತಟ್ಟೆ, ಗಂಧದ ಬಟ್ಟಲು. ಅವುಗಳ ನಡುವೆ, ಒಂದು ಮಗ್ಗುಲಾಗಿ ಮಲಗಿಸಿದ ಅವನ ಗೇಣುದ್ದದ ಮಾದರಿ ಉಗಿಬಂಡಿ, ಮದುವೆಮನೆಯ ತಾಂಬೂಲದ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಹೊಳಪೆಂದರೆ ಅವನಿಗೆ ಮೊದಲಿನಿಂದಲೂ ಹೇಸಿಗೆ. ಹಾಗೆ ನೋಡಿದರೆ ಅವನಿಗೆ ಹೇಸಿಗೆಯಾಗದ ವಸ್ತುಗಳೇ ಕಡಿಮೆ: ಮೊಟ್ಟೆ ವಾಸನೆಯ ಲೋಟ, ಆಫೀಸಿನಲ್ಲಿ ಬೇರೆಯವರು ಬೆರಳಾಡಿಸಿದ ಕೀಬೋರ್ಡು, ಜಿಡ್ಡು ಹಿಡಿದ ಬಾಗಿಲ ಹಿಡಿ. ಈ ಎಂಜಿನ್ನನ್ನು ಹಳೆಯ ಮಾಲೀಕನೊಬ್ಬನಿಂದ ತಂದಾಗಲೂ ಹೇಸಿಕೊಂಡೇ ತಂದಿದ್ದ. ಮೈಯೆಲ್ಲ ಹಿತ್ತಾಳೆ, ಕುಸುರಿ ಮಾತ್ರ ಕೆಟ್ಟದ್ದು. ಗಂಟೆ ಅಂದರೆ ಒಂದು ಗುಬಟು, ಸೀಟಿ ಅಂದರೆ ಒಂದು ಮೊಳೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಭೂತಗನ್ನಡಿಯ ಕೆಳಗೆ ಕೂತು ಒಂದೊಂದನ್ನೇ ಕಿತ್ತು, ಅಚ್ಚಿನಲ್ಲಿ ಎರಕ ಹೊಯ್ದ ಹೊಸ ಗಂಟೆ, ಹೊಸ ಸೀಟಿ, ಗಾಳಿ ಪಂಪು, ಕೂದಲೆಳೆಯಷ್ಟು ತೆಳುವಾದ ಕೊಳವೆಗಳನ್ನು ಚಿಮಟದಲ್ಲಿ ಹಿಡಿದು ಬೆಸೆದಿದ್ದ. ಆಮೇಲೆ ಕಪ್ಪು ಬಣ್ಣ. ಅದರ ಮೇಲೆ, ನಿಜವಾದ ಎಂಜಿನ್ನಿಗೆ ಇರುವಂತೆ, ಮಸಿ, ಎಣ್ಣೆಯ ಕಲೆ, ತುಕ್ಕು. ತನ್ನ ಕೈಯಾರೆ ಬಳಿದ ಆ ಕೊಳೆಯೊಂದೇ ಜಗತ್ತಿನಲ್ಲಿ ಅವನು ಪ್ರೀತಿಸಿದ ಕೊಳೆ. ಶನಿವಾರ ಮಾದರಿ ರೈಲುಗಳ ಕ್ಲಬ್ಬಿನ ಪ್ರದರ್ಶನಕ್ಕೆ ಅದನ್ನು ಇಡುವುದಿತ್ತು.

"ಅತ್ತೆ, ಇದನ್ನ ಯಾರು ಇಲ್ಲಿಗೆ ತಂದಿದ್ದು?"

ದೊಡ್ಡತಾಯಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಮಂಡ್ಯದಿಂದ ಈ ಪರದೇಶಕ್ಕೆ, ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅಳಿಯನ ಎದುರು ಅವರ ಮುಖ ಇಷ್ಟು ಅರಳಿದ್ದೇ ಇಲ್ಲ.

"ನಾನೇಯ ಅಳಿಯಂದ್ರೇ. ನಾಳೀಕೆ ಆಯುದ್‌ಪೂಜೆ ಅಲ್ವ್ರಾ? ಕಾರೇನೋ ತೊಳುದ್ರಿ, ನಿಮ್ ಗಾಡಿ ಮಾತ್ರ ಮಸಿ ಮೆತ್ಕೊಂಡು ಕೂತಿತ್ತು. ನೋಡಕ್ಕಾಗ್ನಿಲ್ಲ. ವಸಿ ಹುಣಸೆಹಣ್ಣಾಕಿ ಉಜ್ಜುದೆ. ಮೊದ್ಲು ಬರ್ನೇ ಇಲ್ಲ, ಆಮೇಲೆ ಸ್ಟೀಲ್ ನಾರ್ ತಕ್ಕೊಂಡೆ. ಒಳಗೆ ಚಿನ್ನದಂಗದೆ ನೋಡಿ!"

ಶಿವಪ್ರಕಾಶ ನೋಡಿದ. ಬಾಯ್ಲರಿನ ಪಕ್ಕದ ಹಿಡಿಕಂಬಿ ಸೊಟ್ಟಗಾಗಿತ್ತು. ಗಾಲಿಯ ಕಡ್ಡಿಗಳ ನಡುವೆ ಹುಣಸೆ ತಿರುಳು ಕಂದು ಮುದ್ದೆಯಾಗಿ ಸೇರಿಕೊಂಡಿತ್ತು. ಹುಳಿ ವಾಸನೆ ಮೂಗಿಗೆ ಬಡಿಯಿತು. ಬಾಯ್ಲರಿನ ನೆತ್ತಿಯ ಮೇಲೆ ಸೀಟಿ ಇರಬೇಕಾದ ಜಾಗದಲ್ಲಿ ಸಣ್ಣ ತೂತು ಮಾತ್ರ ಇತ್ತು.

"ಇಲ್ಲಿ ಮೇಲೆ ಇಷ್ಟೇ ಇಷ್ಟು ಸೀಟಿ ಇತ್ತಲ್ಲ, ಅದೆಲ್ಲಿ?"

"ಉಜ್ಜುವಾಗ ಏನೋ ತಟುಕ್ ಅಂತು. ಕಸ ಅನ್ಕಂಡೆ. ನೀರ್ ಬುಟ್ಟೆ."

ಅವರ ಮುಖ ಇನ್ನೂ ಅರಳೇ ಇತ್ತು. ಶಹಭಾಸ್ ಅನ್ನಿಸಿಕೊಳ್ಳಲು ಕಾದಿದ್ದ ಆ ನಗುವೂ ಅವನಿಗೆ ಅಸಹ್ಯವಾಯಿತು.

"ನೋಡಿ ಅತ್ತೆ, ಇವತ್ತಿಂದ ಈ ಮನೇಲಿ ನನ್ನ ಯಾವ ಸಾಮಾನನ್ನೂ ಮುಟ್ಟಬೇಡಿ. ದಯವಿಟ್ಟು."

ದಯವಿಟ್ಟು ಎಂದದ್ದರಿಂದ ಮಾತು ಮೆತ್ತಗಾಗಲಿಲ್ಲ, ಇನ್ನಷ್ಟು ಚೂಪಾಯಿತು. ಮೀಟಿಂಗು ಅರ್ಧಕ್ಕೆ ಬಿಟ್ಟು ಕತ್ತಿನಲ್ಲಿ ಹೆಡ್‌ಫೋನು ನೇತಾಡಿಸಿಕೊಂಡು ಹೆಂಡತಿ ನಿಸರ್ಗಾ ಬಂದಳು.

"ಏನ್ ಟೋನು ಅದು ಶಿವು? ಅವ್ವಂಗೆ ಏನ್ ಗೊತ್ತಾಗುತ್ತೆ?"

"ಗೊತ್ತಿಲ್ಲದೆ ಇರೋದನ್ನ ಮುಟ್ಟಬಾರದು, ಅಷ್ಟೇ. ಮೇಲಿನ ಪಾರ್ಟು ಸಿಂಕಲ್ಲಿ ಹೋಗಿದೆ."

ಅವನು ಸಿಂಕಿನ ಕೆಳಗೆ ಬಕೆಟ್ಟಿಟ್ಟು, ಬಾಗಿದ ಪೈಪಿನ ತಿರುಪು ಸಡಿಲಿಸಿದ. ಕಪ್ಪು ಲೋಳೆ ದಬದಬನೆ ಸುರಿಯಿತು. ಅದರಲ್ಲಿ ಕೊಳೆತ ಅನ್ನದ ಅಗುಳು, ಕೂದಲು, ಹೆಪ್ಪುಗಟ್ಟಿದ ಜಿಡ್ಡು, ಇವತ್ತಿನ ಹುಣಸೆಹಣ್ಣಿನ ಸಿಪ್ಪೆ ಎಲ್ಲ ಇತ್ತು. ತಮ್ಮ ಮನೆಯ ಹೊಟ್ಟೆಯಲ್ಲಿ ಇಷ್ಟು ದಿನ ಇದಿತ್ತೇ ಎನ್ನಿಸಿ ಶಿವಪ್ರಕಾಶನಿಗೆ ಓಕರಿಕೆ ಬಂತು. ಎದ್ದು ಹೋಗಿ ಕಿಟಕಿಯ ಬಳಿ ಉಸಿರೆಳೆದುಕೊಂಡ.

ತಿರುಗಿ ನೋಡಿದರೆ ದೊಡ್ಡತಾಯಮ್ಮ ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬಳೆ ಮೇಲಕ್ಕೇರಿಸಿ, ಮೊಣಕೈವರೆಗೆ ಕೈ ಇಳಿಸಿದ್ದರು.

"ಛೀ, ಅತ್ತೆ! ಕೈ ಹಾಕ್ಬೇಡಿ. ಗ್ಲೌಸು ತರ್ತೀನಿ."

"ಇದ್ಕೇನ್ ಗ್ಲೌಸು? ನಾವ್ ತಿಂದು ತೊಳ್ದಿದ್ದೇ ಅಲ್ವ್ರಾ?"

ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಆ ಲೋಳೆಯನ್ನು ಬೆರಳುಗಳ ನಡುವೆ ಹಾಯಿಸಿ ಹಾಯಿಸಿ ನೋಡಿದರು. ನೋಡಲಾರದೆ ನಿಸರ್ಗಾ ಮುಖ ತಿರುಗಿಸಿದಳು. ಕೊನೆಗೆ ಕೈ ಮೇಲೆ ಬಂತು. ಅಂಗೈಯ ಕಪ್ಪು ಕೊಚ್ಚೆಯ ನಡುವೆ ಸೀಟಿ, ಜೀರಿಗೆ ಕಾಳಿನಷ್ಟು.

"ಇದೇಯೇನೋ ನೋಡಿ."

ಶಿವಪ್ರಕಾಶ ಗ್ಯಾರೇಜಿಗೆ ಹೋಗಿ ಚಿಮಟ ತಂದ. ಬಗ್ಗಿ, ಉಸಿರು ಬಿಗಿಹಿಡಿದು, ಚಿಮಟದ ಮೊನೆಯಲ್ಲಿ ಅವರ ಅಂಗೈ ಮೇಲಿನಿಂದ ಸೀಟಿಯನ್ನು ಎತ್ತಿಕೊಂಡ. ಚರ್ಮಕ್ಕೆ ಒಂದಿಷ್ಟೂ ತಾಗಲಿಲ್ಲ. ಅಂಥ ಕೆಲಸದಲ್ಲಿ ಅವನ ಕೈ ಪಳಗಿತ್ತು. ದೊಡ್ಡತಾಯಮ್ಮ ಚಿಮಟ ನೋಡಿದರು, ಅದನ್ನು ಹಿಡಿದವನನ್ನು ನೋಡಿದರು, ಆಮೇಲೆ ತಮ್ಮ ಅಂಗೈ ನೋಡಿಕೊಂಡರು. ಅವರ ಮುಖದ ಮೇಲಿನ ನಗು ಆಗ ಹೋಯಿತು.

ಗ್ಯಾರೇಜಿನಲ್ಲಿ ಕೂತು ಸ್ಪಿರಿಟ್ಟಿನಲ್ಲಿ ಸೀಟಿ ತೊಳೆದ. ಏನೂ ಆಗಿರಲಿಲ್ಲ ಅದಕ್ಕೆ. ಮತ್ತೆ ಬೆಸೆಯಬಹುದು, ಕಂಬಿ ನೇರ ಮಾಡಬಹುದು, ಬಣ್ಣ ಮೆತ್ತಬಹುದು. ಮನಸ್ಸು ಮಾಡಿದರೆ ಶನಿವಾರದೊಳಗೇ ಮುಗಿಯುವ ಕೆಲಸ. ಇಷ್ಟು ಸಲೀಸಾಗಿ ಸರಿಯಾಗುತ್ತದೆ ಎಂದು ಗೊತ್ತಾದ ಮೇಲೆ, ತಾನು ಆಡಿದ ಮಾತು ಪೈಪಿನ ಲೋಳೆಯ ಹಾಗೆ ಬಾಯಿಗೇ ಬಂದಂತಾಯಿತು.

ಊಟದ ಹೊತ್ತಿಗೆ ದೊಡ್ಡತಾಯಮ್ಮ ಫ್ರಿಜ್ಜಿನಿಂದ ಮಾರು ದೂರ ನಿಂತಿದ್ದರು.

"ನಿಸರ್ಗಾ, ವಸಿ ಮೊಸರು ತಕ್ಕೊಡವ್ವಾ."

"ನೀನೇ ತಗೋ ಅವ್ವ. ಕೈಗೆ ಸಿಗೋ ಹಾಗೇ ಇದೆ."

"ಯಾವ್ದು ಯಾರ್ದೋ, ನಂಗೇನ್ ಗೊತ್ತಾಯ್ತದೆ? ನೀನೇ ಕೊಡು."

ಶಿವಪ್ರಕಾಶ ತಾನೇ ಎದ್ದು ಮೊಸರು ತಂದ. ಅವರು ತಟ್ಟೆಯನ್ನು ಕೆಳಗಿಟ್ಟು, ಅವನು ಬಡಿಸುವವರೆಗೂ ಕೈ ಹಿಂದಕ್ಕೆಳೆದುಕೊಂಡು ನಿಂತರು. ಬಡಿಸಿದ ಮೇಲೆ ಅವನು ಮೊಸರಿನ ಡಬ್ಬಿಯನ್ನು ಅವರ ಕೈಗೆಟಕುವ ಹಾಗೆ ಸರಿಸಿಟ್ಟ. 

ಬೆಳಿಗ್ಗೆ ಅವರ ಬಡಾವಣೆ ಎವರ್‌ಗ್ರೀನಿನ ಗುಡ್ಡಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಮನೆಯ ಮುಂದೆ ಕಾರು. ನಿಸರ್ಗಾ ಸೇವಂತಿಗೆ ಹಾರ ಹಾಕಿ, ಅರಿಶಿನ ಕುಂಕುಮ ಇಟ್ಟಳು. ಎಂಜಿನ್ನು ಪೂಜೆಗೆ ಬಂದಿರಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ಚಕ್ರದ ಕೆಳಗೆ ನಿಂಬೆಹಣ್ಣಿಡುವುದು ಮನೆಗೆ ಹಿರಿಯರಾದ ದೊಡ್ಡತಾಯಮ್ಮನ ಪಾಲಿನ ಕೆಲಸ. ಅವರು ಹಣ್ಣು ಹಿಡಿದುಕೊಂಡು ಕಾರಿನ ಮುಂದೆ ನಿಂತೇ ಇದ್ದರು.

"ಅಳಿಯಂದ್ರೇ, ಮುಟ್ಬೋದಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಮುಟ್ಟಿ ಅತ್ತೆ. ನಿಮ್ದೇ ಅಲ್ವಾ ಕಾರು? ನಿನ್ನೆ ನಾನು ಏನೋ ಸಿಟ್ಟಲ್ಲಿ…"

"ಬುಡಿ, ಬುಡಿ. ಇಲ್ಲೇ ಇಟ್ರೂ ಆಯ್ತದೆ."

ಅವರು ಬಗ್ಗಿ, ನಿಂಬೆಹಣ್ಣನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಟೈರಿಗೆ ಕೈ ಸೋಕದಷ್ಟು ಪಕ್ಕಕ್ಕೆ ಸರಿಸಿ ನೆಲದ ಮೇಲಿಟ್ಟರು. ಇನ್ನೊಂದನ್ನು ಆ ಕಡೆಯ ಚಕ್ರದ ಬಳಿ, ಅಷ್ಟೇ ದೂರದಲ್ಲಿಟ್ಟರು. ಸೆರಗು ಮುದುರಿಕೊಂಡು ಹಿಂದೆ ಸರಿದು ಕೈ ಮುಗಿದರು.

"ಹೊರ್ಡಿ."

ಶಿವಪ್ರಕಾಶ ಕಾರು ಹತ್ತಿ ಮೆಲ್ಲಗೆ ಮುಂದೆ ಬಿಟ್ಟ. ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಪಚಕ್ಕೆನ್ನುವ ಸದ್ದಿಗೆ ಕಿವಿಗೊಟ್ಟ. ಸದ್ದು ಬರಲಿಲ್ಲ. ಹಿಂದಿನ ಕನ್ನಡಿಯಲ್ಲಿ, ಖಾಲಿಯಾದ ಸಿಮೆಂಟು ನೆಲದ ಮೇಲೆ, ಎರಡೂ ಹಣ್ಣುಗಳು ಇಟ್ಟಲ್ಲೇ ಇಡಿಯಾಗಿ ಉಳಿದಿದ್ದವು.