ಕುಂಟೆಯ ಮೂಡಲ ಮೂಲೆ

‘ಆ ನೀರ್ ಬ್ಯಾಡ ಅಂದೆನಲ್ಲ!’ ಎನ್ನುತ್ತಲೇ ಮಾಯಮ್ಮ ಮೈದುನನ ಕೈಯಿಂದ ಬಿಂದಿಗೆ ಕಿತ್ತುಕೊಂಡು ಅಂಗಳಕ್ಕೆ ಬಗ್ಗಿಸಿಯೇಬಿಟ್ಟಳು.

ಜಗಲಿಯ ಗೋಡೆಗೆ ಅವಳ ಗಂಡ ಚನ್ನಯ್ಯನ ಹೆಣವನ್ನು ಒರಗಿಸಿ ಕೂರಿಸಿದ್ದರು. ಮೀಯಿಸಿ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಕರೆಂಟಿಲ್ಲದೆ ಊರಿನ ಬೋರ್‌ವೆಲ್ ನಿಂತಿತ್ತು. ಅದಕ್ಕೇ ಮೈದುನ ಸಿದ್ದರಾಮು ಗೋಮಾಳದಲ್ಲಿ ಮಳೆನೀರು ನಿಲ್ಲುವ ಕುಂಟೆಯಿಂದ ನೀರು ತಂದಿದ್ದ.

‘ನಿಂಗೇನ್ ಬಂದೈತೆ ಅತ್ಗೆ? ಅಣ್ಣ ಮುಂದೆ ನಿಂತು ಮಾಡ್ಸಿದ್ ಕುಂಟೆ ಅದು. ಊರ್ ಕುರಿಯೆಲ್ಲ ಅದ್ರಿಂದ್ಲೇ ಬದುಕವೆ.’

‘ಬದುಕ್ಲಿ. ಈವಯ್ಯನ್ ಮೈಗೆ ಮಾತ್ರ ಆ ನೀರ್ ಬೀಳ್‌ಕೂಡ್ದು.’

ಸಿದ್ದರಾಮು ನೀರಿನ ಟ್ಯಾಂಕರ್‌ನವನಿಗೆ ಫೋನ್ ಮಾಡಿದ. ಗಂಡನ ಜೊತೆ ಮಾತು ಬಿಟ್ಟು ಐದಾರು ವರ್ಷವಾಯಿತು, ಸತ್ತ ಮೇಲೂ ಹಟ ಬಿಡಲಿಲ್ಲವಲ್ಲ ಇವಳು ಎಂದು ಹೆಂಗಸರು ಪಿಸುಗುಟ್ಟಿದರು. ಅನ್ನಕ್ಕೆ ಕರೆಯದಿದ್ದರೂ ತಟ್ಟೆ ಹಾಕುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಯಿಸಿ ಪಕ್ಕದಲ್ಲಿಡುತ್ತಿದ್ದಳು. ಮಾತು ಮಾತ್ರ ಇಲ್ಲ. ಯಾಕೆಂದು ಅವಳೂ ಹೇಳಲಿಲ್ಲ, ಆ ಪುಣ್ಯಾತ್ಮನೂ ಹೇಳಲಿಲ್ಲ.

*

ಹೊಂಗನೂರಿನ ಆಚೆಯ ಈ ಊರಿಗೆ ಐದಾರು ವರ್ಷದ ಹಿಂದೆ ಸೌಮ್ಯ ಬಂದದ್ದು ಸಂಶೋಧನೆಗೆಂದು. ಮಳೆ ಹೀಗೆ ಕೈಕೊಡುತ್ತ ಹೋದರೆ ಬಡವರ ಕುರಿ, ಹಿಪ್ಪುನೇರಳೆ ಹೇಗೆ ಉಳಿಯಬೇಕು, ಸಿಮೆಂಟು ಸುರಿಯದೆ ಮರ, ಹುಲ್ಲು, ಮಣ್ಣಿನಿಂದಲೇ ಏನು ಮಾಡಬಹುದು ಎಂದು ತಿಳಿಯಲು. ಮಾರಿಗುಡಿಯ ಮುಂದೆ ಊರವರ ಕೈಯಲ್ಲಿ ರಂಗೋಲಿ ಪುಡಿ ಕೊಟ್ಟು ಊರಿನ ನಕ್ಷೆ ಬರೆಸಿದಳು. ಮಳೆನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ ಚನ್ನಯ್ಯ ಕುಕ್ಕರಗಾಲಲ್ಲಿ ಕೂತು ಗೋಮಾಳದ ತಗ್ಗನ್ನು ಬರೆದ.

‘ಅಲ್ಲಿ ಬೇರೆ ಏನಾದ್ರೂ ಇದೆಯಾ ಚನ್ನಯ್ಯನೋರೆ?’

‘ಏನೂ ಇಲ್ಲ ಕಣವ್ವ. ಬರೀ ತಗ್ಗು.’

ಹೆಂಗಸರ ಹಿಂದೆ ನಿಂತಿದ್ದ ಮಾಯಮ್ಮ ಅಲ್ಲಿಂದ ಎದ್ದುಹೋದಂತೆ ಮನೆಗೆ ನಡೆದುಬಿಟ್ಟಳು. ಆ ತಗ್ಗಿನ ಮೂಡಲ ಮೂಲೆಯಲ್ಲಿ ಎಷ್ಟೋ ವರ್ಷದ ಹಿಂದೆ ಅವರ ಮಗಳು ಪುಟ್ಟಿಯನ್ನು ಮಣ್ಣು ಮಾಡಿದ್ದರು. ಇನ್ನೂ ಸರಿಯಾಗಿ ಮಾತು ಬಾರದ ಕೂಸು, ಜ್ವರದಲ್ಲಿ ಹೋಗಿಬಿಟ್ಟಿತ್ತು. ಕೂಸುಗಳನ್ನು ಹೂತ ಜಾಗದಲ್ಲಿ ಈ ಕಡೆ ಕಲ್ಲು ನೆಡುವುದಿಲ್ಲ, ಆಮೇಲೆ ಹೆಸರೂ ಎತ್ತುವುದಿಲ್ಲ. ಊರು ಮರೆತದ್ದು ಸರಿಯೇ, ಹೆತ್ತಪ್ಪನೂ ಮರೆಯುವುದೇ? ಅಲ್ಲೇ ಕುಂಟೆ ತೋಡಲು ಜೆಸಿಬಿ ಬರುವ ಮೊದಲೇ ಅವಳು ತವರೂರು ಕಲ್ಯಕ್ಕೆ ಹೋದಳು. ತಿರುಗಿ ಬಂದಾಗ ತಗ್ಗಿನ ತುಂಬ ನೀರಿತ್ತು.

*

ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಹಾರ ಹಿಡಿದು ಬಂದ ಸೌಮ್ಯ ಮಾಯಮ್ಮನ ಪಕ್ಕ ಕೂತಳು.

‘ಅಮ್ಮಾ, ಕುಂಟೆಗೆ ಅವರ ಹೆಸರೇ ಇಡೋಣ ಅಂತಿದೀವಿ.’

‘ಇಡ್ರವ್ವ. ಮಗಳ್ ಮೂಳೆನ ಜೆಸಿಬಿ ಬಾಯ್ಗೆ ಕೊಟ್ಟೋನು ಅಂತ್ಲೂ ಬರೀರಿ.’

‘ಮಗಳಾ?’

‘ನಮ್ ಪುಟ್ಟಿ. ಮೂಡ್ಲ ಮೂಲೇಲಿದ್ಲು.’

ಸೌಮ್ಯ ಹಾರವನ್ನು ಪಕ್ಕಕ್ಕಿಟ್ಟು ಅವಳತ್ತ ತಿರುಗಿದಳು. ‘ಆ ಮೂಲೆ ಅಗೆದೇ ಇಲ್ಲಮ್ಮ! ಜೆಸಿಬಿ ಅತ್ತ ತಿರುಗಿದ ತಕ್ಷಣ ಚನ್ನಯ್ಯನೋರು ಹೋಗಿ ಅಲ್ಲಿ ಬೋರಲು ಮಲಗಿಬಿಟ್ರು. ನೀರು ಬೇಕಾದ್ರೆ ನಿಲ್ಲಲಿ, ಇಲ್ಲಿ ಒಂದು ಹಿಡಿ ಮಣ್ಣು ಎತ್ತಬೇಡಿ ಅಂದ್ರು. ಎಷ್ಟು ಕೇಳಿದ್ರೂ ಯಾಕೆ ಅಂತ ಹೇಳ್ಲಿಲ್ಲ.’

‘ಹೂಂ ಕಣತ್ಗೆ,’ ಎಂದ ಸಿದ್ದರಾಮು. ‘ನಾನೇ ಹಿಡ್ದು ಎಬ್ಬಿಸ್ದೆ. ಕುರಿ ಇಳಿಯಕ್ಕೆ ಜಾಗ ಬುಡ್ಸ್ತಾವ್ನೆ ಅನ್ಕಂಡಿದ್ದೆ.’

ಮಾಯಮ್ಮ ಗಂಡನ ಮುಖವನ್ನೇ ನೋಡಿದಳು. ಅಯ್ಯೋ ದೇವರೇ, ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಇವನು? ತಾನಾದರೂ ಒಂದು ಸಲ ಕೇಳಬಾರದಿತ್ತೇ? ಬೆಳಗಿನಿಂದ ಬಾರದ ಅಳು ಈಗ ಒತ್ತರಿಸಿ ಬಂತು. ಎದೆ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಎದ್ದು, ಅಂಗಳದಲ್ಲಿ ಬಿದ್ದಿದ್ದ ಖಾಲಿ ಬಿಂದಿಗೆ ಎತ್ತಿಕೊಂಡು ಹೊರಟಳು. ಹೆಂಗಸರು ತಡೆದರೆ ಕೊಸರಿಕೊಂಡಳು.

ಕುಂಟೆಯ ಏರಿಯ ಮೇಲಿನ ಹೊಂಗೆ ಗಿಡಗಳು ಆಳೆತ್ತರ ಬೆಳೆದಿದ್ದವು. ಅವಳು ಅವನ್ನು ನೋಡುತ್ತಿದ್ದುದೇ ಮೊದಲು. ಮೂಡಲ ಮೂಲೆಯಲ್ಲಿ ಇಳಿದರೆ ನೀರು ಮೊಣಕಾಲುದ್ದ ಮಾತ್ರ, ಅಂಗಾಲಿಗೆ ಗಟ್ಟಿ ನೆಲ ಸಿಕ್ಕಿತು. ಕೆಸರು ಕದಡದ ಹಾಗೆ ಮೆಲ್ಲಗೆ ಬಿಂದಿಗೆ ಅದ್ದಿದಳು.

‘ಬಾವ್ವ,’ ಎಂದಳು. ‘ನಿಮ್ಮಪ್ಪ ಕಾಯ್ತಾವ್ನೆ.’

ದಾರಿಯಲ್ಲಿ ಸಿದ್ದರಾಮು ಕೈ ಚಾಚಿದರೂ ಬಿಂದಿಗೆಯನ್ನು ಕೊಡಲಿಲ್ಲ. ಸೊಂಟದ ಮೇಲೆ ಅವಚಿಕೊಂಡೇ ಮನೆತನಕ ತಂದಳು. ಹೆಣದ ಮುಂದೆ ಮಂಡಿಯೂರಿದಳು.

‘ನೋಡು, ಯಾರ್ನ ಕರ್ಕೊಂಡ್ ಬಂದಿವ್ನಿ.’

ಗಂಡನ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ನೀರು ಹೋಗದಂತೆ, ಮೆಲ್ಲಮೆಲ್ಲಗೆ ತಲೆಯ ಮೇಲೆ ಹುಯ್ಯತೊಡಗಿದಳು.