ಬ್ಯಾಡಗಿಯಲ್ಲಿ ಕೇಳಬಾರದ ಪಾಠ

ಹಾವೇರಿಯಿಂದ ದಿಲನಾಜಳ ಫೋನು ಬಂದಾಗ ಬೇನಜೀರ ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಆಗಷ್ಟೇ ಕೂತಿದ್ದಳು.

"ಖಾಲಾ, ಪಾಠ ಒಂದೂ ಇಲ್ಲ. ಎಲ್ಲಾ ತಗದು ಹಾಕ್ಯಾರ."

"ಯಾರ ತಗದ್ರು?"

"ಗೊತ್ತಿಲ್ಲ. ಹಕ್ಕು ಉಲ್ಲಂಘನೆ ಅಂತ ಫೋನ್ ಓದಿ ಹೇಳಾಕತ್ತೈತಿ."

ದಿಲನಾಜ ಬೇನಜೀರಳ ಅಕ್ಕನ ಮಗಳು. ಹುಟ್ಟಿನಿಂದ ಕಣ್ಣಿಲ್ಲ. ಬಿ.ಎ. ಪದವಿಗೆ ಇತಿಹಾಸದ ಒಂದೇ ಒಂದು ಪೇಪರು ಬಾಕಿ, ಪರೀಕ್ಷೆಗೆ ಒಂಬತ್ತು ದಿನ. ಹೋದ ವರ್ಷ ಅದೇ ಪೇಪರಿನಲ್ಲಿ ಫೇಲಾಗಿದ್ದಳು. ಬುದ್ಧಿ ಸಾಲದೆ ಅಲ್ಲ, ಪುಸ್ತಕ ಕೇಳಲು ಸಿಗದೆ.

ಆ ಪುಸ್ತಕದ ಕತೆಯೇ ಒಂದು ರಗಳೆ. ಜಗತ್ತಿನ ವ್ಯಾಪಾರದ ಇತಿಹಾಸ ಹೇಳುವ ದಪ್ಪ ಪುಸ್ತಕ, ಕನ್ನಡ ಅನುವಾದ. ಹಕ್ಕು ಮಾತ್ರ ಸಮುದ್ರದಾಚೆಯ ಒಂದು ಕಂಪನಿಯದು. ಅಚ್ಚು ನಿಂತು ಆರು ವರ್ಷವಾಗಿತ್ತು. ಧ್ವನಿ ಪುಸ್ತಕ ಬರುತ್ತದೆಯೇ ಎಂದು ಕಾಲೇಜಿನವರು ಕೇಳಿದ್ದಕ್ಕೆ, ಅಂಥ ಯೋಜನೆ ಇಲ್ಲ, ಬೇರೆಯವರು ಮಾಡುವಂತೆಯೂ ಇಲ್ಲ ಎಂದು ಎರಡೇ ಸಾಲಿನ ಉತ್ತರ ಬಂದಿತ್ತು. ತಾನೂ ಮಾಡುವುದಿಲ್ಲ, ಮಾಡುವವರನ್ನೂ ಬಿಡುವುದಿಲ್ಲ. ಇದಕ್ಕೆ ಹಕ್ಕು ಎಂದು ಹೆಸರು!

ಕಡೆಗೆ ಕಾಲೇಜಿನ ಗ್ರಂಥಪಾಲಕಿ ಸುಚಿತ್ರಾ ಧಾರವಾಡದ ಗ್ರಂಥಾಲಯದಿಂದ ಒಂದು ಪ್ರತಿ ಎರವಲು ತರಿಸಿಕೊಟ್ಟಳು. ಅದನ್ನು ಓದಿದವಳು ಬೇನಜೀರ. ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಇತ್ತು. ಒಬ್ಬಳು ಪೇಪರನ್ನೋ ಕತೆ ಪುಸ್ತಕವನ್ನೋ ಗಟ್ಟಿಯಾಗಿ ಓದಬೇಕು, ಉಳಿದವರು ಕೈ ನಿಲ್ಲಿಸದೆ ಕೇಳಬೇಕು, ಸಂಜೆ ಪ್ರತಿಯೊಬ್ಬಳೂ ತನ್ನ ಪಾಲಿನಿಂದ ಒಂದೊಂದು ಬೊಗಸೆ ಕಾಯಿ ತೆಗೆದು ಓದಿದವಳ ಬುಟ್ಟಿಗೆ ಹಾಕಬೇಕು. ಹಾಗೆ ಎರಡು ತಿಂಗಳು ಬೇನಜೀರ ಓದಿದಳು, ಎದುರಿಗಿಟ್ಟ ಫೋನು ಕೇಳಿಸಿಕೊಂಡಿತು. ನಡುನಡುವೆ ಘಾಟಿಗೆ ಕೆಮ್ಮು, ಸೀನು, ಯಾರದೋ ಬೈಗುಳ, ಎಲ್ಲವೂ ಪಾಠದೊಳಗೇ ಸೇರಿದವು. ದಿನದ ಪಾಠವನ್ನು ವಿಡಿಯೊ ತಾಣಕ್ಕೆ ಹಾಕಿ, ಅದರ ಲಿಂಕನ್ನು ದಿಲನಾಜಳಿಗೂ ಅವಳಂತೆಯೇ ಕಣ್ಣಿಲ್ಲದ ಐವರು ಗೆಳತಿಯರಿಗೂ ಮಾತ್ರ ಕಳಿಸುತ್ತಿದ್ದಳು. ಫೋನಿನಲ್ಲಿ ಜಾಗವಿಲ್ಲವೆಂದು ತನ್ನ ಪ್ರತಿಯನ್ನು ಆಗಿಂದಾಗಲೇ ಅಳಿಸಿಬಿಡುತ್ತಿದ್ದಳು. ತಪ್ಪು ಆಗಿದ್ದು ಅಲ್ಲಿಯೇ.

ಅಂದೇ ಬಸ್ಸು ಹತ್ತಿ ಹಾವೇರಿಯ ಕಾಲೇಜಿಗೆ, ಸುಚಿತ್ರಾಳ ಹತ್ತಿರ ಹೋದಳು. ಧಾರವಾಡದ ಪುಸ್ತಕ ಗಡುವು ಮುಗಿದು ವಾಪಸು ಹೋಗಿತ್ತು.

"ಮೇಡಂ, ನಾ ಏನ್ ಕಳವು ಮಾಡೇನ್ರಿ?" ಎಂದು ಕೇಳಿದಳು.

"ಏನೂ ಮಾಡಿಲ್ಲ, ಕುಂದ್ರಿ," ಎಂದಳು ಸುಚಿತ್ರಾ. "ಕಣ್ಣಿಲ್ಲದವರ ಸಲುವಾಗಿ ಪುಸ್ತಕ ಓದಿ ಕೊಡಬಹುದು ಅಂತ ನಮ್ಮ ಕಾಯ್ದೆದಾಗ ಐತಿ. ದೇಶದೇಶದವ್ರು ಕೂಡಿ ಒಪ್ಪಂದಾನೂ ಮಾಡ್ಕೊಂಡಾರ. ಅದನ್ನ ಎಲ್ಲಾರಕಿಂತ ಮೊದಲ ಒಪ್ಪಿದ್ದು ನಮ್ಮ ದೇಶನ."

"ಹಂಗಿದ್ರ ಇದನ್ನ ತಗದವ್ರು ಯಾರ್ರೀ?"

"ಕಂಪನಿಯವ್ರ ಯಂತ್ರ. ಅದಕ್ಕ ಪುಸ್ತಕದ ಸಾಲು ಗುರ್ತು ಸಿಗತಾವ, ಕಾಯ್ದೆ ಸಿಗಂಗಿಲ್ಲ."

ಬೇನಜೀರಳಿಗೆ ಮೈ ಉರಿದುಹೋಯಿತು. ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದಿದ್ದರೆ ಜಗಳ ತೆಗೆದು ನಾಲ್ಕು ಮಾತು ಕೇಳಿಯೇ ಬರುತ್ತಿದ್ದಳು. ಯಂತ್ರದ ಜೊತೆ ಏನೆಂದು ಜಗಳವಾಡುವುದು?

ಇಬ್ಬರೂ ಕೂತು ತಕರಾರು ಅರ್ಜಿ ತುಂಬಿದರು. ಹೆಸರು, ವಿಳಾಸ, ಸುಳ್ಳು ಹೇಳಿದರೆ ಶಿಕ್ಷೆಗೆ ಸಿದ್ಧ ಎಂಬ ಪ್ರಮಾಣ, ಪರದೇಶದ ಕೋರ್ಟು ಕರೆದರೂ ಒಪ್ಪಿಗೆ ಎಂಬ ಷರತ್ತು. ಕಂಪನಿಯ ಯಂತ್ರ ಯಾವ ಪ್ರಮಾಣ ಮಾಡಿ ಪಾಠ ಅಳಿಸಿತ್ತೋ, ಅದನ್ನು ಯಾರೂ ಕೇಳಿರಲಿಲ್ಲ. ಬೇನಜೀರ ಎಲ್ಲಕ್ಕೂ ಹೂಂ ಎಂದು ಒತ್ತಿದಳು.

ಆರನೆಯ ದಿನ ಉತ್ತರ ಬಂತು. ಸುಚಿತ್ರಾ ಫೋನಿನಲ್ಲಿ ಓದಿ ಹೇಳಿದಳು. ಕನ್ನಡ ಆವೃತ್ತಿಯ ಹಕ್ಕನ್ನು ಕಂಪನಿ ಭಾರತದ ಮಟ್ಟಿಗೆ ಮಾತ್ರ ಇಟ್ಟುಕೊಂಡಿದೆ. ಆದ್ದರಿಂದ ಪಾಠಗಳನ್ನು ಮತ್ತೆ ಹಾಕಲಾಗಿದೆ. ಭಾರತವೊಂದನ್ನು ಬಿಟ್ಟು ಉಳಿದೆಲ್ಲ ದೇಶಗಳಲ್ಲಿ ಕೇಳಬಹುದು.

ಬೇನಜೀರ ನಕ್ಕಳು. ನಗು ನಿಂತ ಮೇಲೆ ಅಳು ಬಂತು. ಜಪಾನಿನವನು ಕೇಳಬಹುದು, ನಾರ್ವೆಯವನು ಕೇಳಬಹುದು, ಕನ್ನಡದ ಒಂದಕ್ಷರ ತಿಳಿಯದ ಊರುಗಳಲ್ಲೆಲ್ಲ ಬ್ಯಾಡಗಿಯ ಹೆಂಗಸರು ಸೀನಬಹುದು. ಹದಿನೈದೇ ಕಿಲೋಮೀಟರು ದೂರದ ಹಾವೇರಿಯಲ್ಲಿ ಕೂತ ದಿಲನಾಜ ಕೇಳಬಾರದು! ಇದನ್ನು ಬರೆದವರು ಅನ್ನ ತಿನ್ನುತ್ತಾರೋ ಮತ್ತೇನು ತಿನ್ನುತ್ತಾರೋ.

"ಯಾಕ ಅಳಾಕತ್ತಿ?" ಎಂದು ಕೇಳಿದಳು ಪಕ್ಕದಲ್ಲಿ ತೊಟ್ಟು ಬಿಡಿಸುತ್ತ ಕೂತಿದ್ದ ಮುದುಕಿ ಉಚ್ಚಂಗೆವ್ವ. ಅವಳಿಗೆ ಓದು ಬರದು.

ಬೇನಜೀರ ಎಲ್ಲವನ್ನೂ ಹೇಳಿದಳು.

"ಪುಸ್ತಕದಾಗಿನ ಮಾತು ಅವ್ರದು ಅನ್ನು. ತಿಳದದ್ದು ಯಾರದು?"

"ಹಂಗಂದ್ರ?"

"ಎರಡ ತಿಂಗಳು ನಾನೇನು ಕಿವ್ಯಾಗ ಹತ್ತಿ ಇಟಗೊಂಡ ಕುಂತಿದ್ನೇನು? ಆ ಹುಡಿಗಿನ್ನ ಕರಸು. ನನ್ನ ಮಾತಿನ್ಯಾಗ ನಾ ಹೇಳತೇನಿ."

ಮರುದಿನ ದಿಲನಾಜ ಬಂದಳು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಬ್ರೈಲ್ ಪಟ್ಟಿ ತೊಡೆಯ ಮೇಲಿಟ್ಟುಕೊಂಡು ರಾಶಿಯ ನಡುವೆ ಕೂತಳು. ಉಚ್ಚಂಗೆವ್ವ ತೊಟ್ಟು ಮುರಿಯುತ್ತಲೇ ಶುರು ಮಾಡಿದಳು.

"ಈ ಮೆಣಸಿನಕಾಯಿ ನಮ್ಮದಲ್ಲವ್ವ. ಸಮುದ್ರದಾಚೆ ಯಾರೋ ಬೆಳೀತಿದ್ರು. ಪೋರ್ಚುಗೀಸರ ಹಡಗಿನ್ಯಾಗ ಗೋವಾಕ್ಕ ಬಂತು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಹೊಲಕ್ಕ ಬಂತು. ಬಿತ್ತಬ್ಯಾಡ್ರಿ ಅಂತ ಯಾರೂ ಅನ್ನಲಿಲ್ಲ."

ಉಳಿದ ಹೆಂಗಸರು ಅವಳು ಬಿಟ್ಟದ್ದನ್ನು ಸೇರಿಸಿದರು, ತಪ್ಪಿದ್ದನ್ನು ತಿದ್ದಿದರು, ಹತ್ತಿಯ ಪಾಠ ಮೊದಲೋ ಮೆಣಸಿನಕಾಯಿಯದು ಮೊದಲೋ ಎಂದು ಜಗಳವಾಡಿದರು. ದಿಲನಾಜಳ ಕೈ ಚುಕ್ಕಿ ಒತ್ತುತ್ತಲೇ ಇತ್ತು. ಗಂಟಲು ಕೆರೆದು ಕಣ್ಣಲ್ಲಿ ನೀರು ಸುರಿದರೂ ಅವಳು ನಿಲ್ಲಿಸಲಿಲ್ಲ.

"ಮುಂದ ಹೇಳ ಆಯಿ," ಎಂದಳು.

ಸಂಜೆ ಬೇನಜೀರ ಆ ದಿನ ಫೋನು ಹಿಡಿದಿಟ್ಟಿದ್ದ ಮಾತನ್ನೆಲ್ಲ ಅದೇ ತಾಣಕ್ಕೆ ಹಾಕಲು ಕೂತಳು. ಈ ಸಲ ಏನನ್ನೂ ಅಳಿಸಲಿಲ್ಲ, ಲಿಂಕನ್ನೂ ಮುಚ್ಚಿಡಲಿಲ್ಲ. ಇದರ ಹಕ್ಕು ಯಾರದು ಎಂದು ಪರದೆ ಕೇಳಿತು.

"ಯವ್ವಾ, ನಿನ್ನ ಹೆಸರು ಹಾಕಲೇನು?"

"ಹಾಕು. ಊರಿನ ಹೆಸರೂ ಹಾಕು," ಎಂದಳು ಉಚ್ಚಂಗೆವ್ವ. "ಯಾರ್ ಬೇಕಾದ್ರೂ ಕೇಳ್ರಿ ಅಂತ ಬರಿ. ಆ ಕಂಪನಿಯವ್ರೂ ಕೇಳ್ಲಿ."