ಉಂಡಿಯ ಆರನೆಯ ಬೆರಳು

ಫಿನೈಲ್ ವಾಸನೆಯಲ್ಲ, ನಮ್ಮ ಆಸ್ಪತ್ರೆಯ ವಾಸನೆಯೂ ಅಲ್ಲ, ಒದ್ದೆ ಕೂದಲು, ಒಣ ಬಿಸ್ಕತ್ತು, ಯಾರದೋ ಬೆಕ್ಕಿನ ಹೆದರಿಕೆ ಎಲ್ಲ ಸೇರಿದ ಒಂದು ವಾಸನೆ, ಲಂಡನ್ನಿನ ಅಂಚಿನ ಪಿನ್ನರಿನ ಈ ಪ್ರಾಣಿಗಳ ಡಾಕ್ಟರ ಹತ್ತಿರ ಶನಿವಾರ ಬೆಳಗ್ಗೆ ಇಷ್ಟು ಜನ ಇರುತ್ತಾರೆಂದು ಯಾರಿಗೆ ಗೊತ್ತಿತ್ತು, ಉಂಡಿ ನನ್ನ ಮಡಿಲಲ್ಲಿ ನಡುಗುತ್ತಿದ್ದಾನೆ — ಹದಿಮೂರು ಕಿಲೋ, ಮಡಿಲಲ್ಲಿ ಕೂರುವ ನಾಯಿಯೇ ಅಲ್ಲ ಇವನು, ಐಸ್‌ಲ್ಯಾಂಡಿನ ಹಿಮದಲ್ಲಿ ಕುರಿ ಕಾಯುವ ಜಾತಿಯವನು — ಹಿಂಗಾಲಿಗೆ ಸುತ್ತಿದ ನನ್ನ ಹಳೆಯ ಇಳಕಲ್ ಸೀರೆಯ ಚೂರು ಒದ್ದೆಯಾಗಿದೆ, ಕೆಂಪು ಸೀರೆ, ರಕ್ತ ಎಷ್ಟು ಬಣ್ಣ ಎಷ್ಟು ತಿಳಿಯುವುದಿಲ್ಲ, ಪಕ್ಕದಲ್ಲಿ ಧೃತಿ, ನನ್ನ ಹತ್ತು ವರ್ಷದ ಮಗಳು, ಎಡಗೈಯನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡು ಕೂತಿದ್ದಾಳೆ, ಜುಲೈ ತಿಂಗಳಲ್ಲೂ ಇವಳಿಗೆ ಸ್ವೆಟರ್ ಬೇಕು, ನನಗೆ ಗೊತ್ತು ಏಕೆಂದು, ಗೊತ್ತಿದ್ದೂ ತೆಗೆ ಮಗಳೇ ಸೆಕೆ ಎನ್ನುತ್ತೇನೆ, ನಾಚಿಕೆಯಿಲ್ಲದವಳು ನಾನು. ಮುಂದೆ ಒಪ್ಪಿಗೆ ಪತ್ರ, ಅದರ ಮೇಲೊಂದು ಪೆನ್ನು. ಆ ಎಳೆ ವಯಸ್ಸಿನ ಡಾಕ್ಟರಮ್ಮ ನಗುನಗುತ್ತಲೇ ಹೇಳಿದಳು, ಮುಳ್ಳುಪೊದೆಗೆ ಸಿಕ್ಕಿ ಆರನೆಯ ಬೆರಳಿನ ಉಗುರು ಕಿತ್ತು ಬಂದಿದೆ, ಹೇಗೂ ಅರಿವಳಿಕೆ ಕೊಡುತ್ತೇವಲ್ಲ, ಆ ಹೆಚ್ಚಿನ ಬೆರಳನ್ನೂ ತೆಗೆದುಬಿಡೋಣ, ಅದರಿಂದ ಇವನಿಗೆ ಉಪಯೋಗವೇನಿಲ್ಲ, ಐದು ನಿಮಿಷದ ಕೆಲಸ. ಐದು ನಿಮಿಷ. ನಾನೂ ಅರಿವಳಿಕೆ ಡಾಕ್ಟರೇ, ಹದಿನೈದು ವರ್ಷದಿಂದ ಎಷ್ಟು ಜನರ ಮುಂದೆ ಇಂಥದೇ ಪೆನ್ನು ಹಿಡಿದಿದ್ದೇನೆ, ಇಲ್ಲೊಂದು ಸಹಿ ಹಾಕಿ ಅಂದಿದ್ದೇನೆ, ಅವರು ಏಕೆ ಅಷ್ಟು ಹೊತ್ತು ಕಾಗದ ನೋಡುತ್ತಾರೆ ಎಂದು ಒಳಗೊಳಗೇ ಸಿಡಿಮಿಡಿಗೊಂಡಿದ್ದೇನೆ.

ಹೆಚ್ಚಿನ ಬೆರಳು, ಹೌದು, ಅದರಿಂದಲೇ ತಾನೆ ಇವನು ನಮ್ಮ ಮನೆಗೆ ಬಂದದ್ದು, ಎರಡು ವರ್ಷದ ಕೆಳಗೆ, ಅಕ್ಸ್‌ಬ್ರಿಡ್ಜ್ ದಾಟಿ ಈ ತಳಿಯ ನಾಯಿ ಸಾಕುವ ಒಬ್ಬ ಇಂಗ್ಲಿಷ್ ಅಜ್ಜಿಯ ಮನೆಗೆ ಮರಿ ನೋಡಲು ಹೋದದ್ದು, ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ಗಂಡ ವೀರಣ್ಣನವರ ಉಪನ್ಯಾಸ, ಚಂದ ನೋಡಿ ಆರಿಸಬ್ಯಾಡ್ರಿ, ಸೊಂಟದ ಮೂಳಿ ನೋಡಬೇಕು, ನಡಿಗಿ ನೋಡಬೇಕು, ಮೂಳೆ ಸರ್ಜನ್ ಅಲ್ಲವೇ, ಹೆಣ್ಣು ನೋಡಲು ಬಂದಾಗ ನನ್ನನ್ನೂ ಹಾಗೇ ನೋಡಿದ್ದರೋ ಏನೋ. ಐದು ಮರಿಗಳು ಹಜಾರದ ತುಂಬ ಉರುಳಾಡುತ್ತಿದ್ದವು, ಒಂದು ಮಾತ್ರ ಬಂದು ಧೃತಿಯ ಪಾದದ ಮೇಲೆ ಕೂತಿತು, ಕೂತದ್ದು ಏಳಲಿಲ್ಲ, ಇವರು ಎತ್ತಿಕೊಂಡು ಹಿಂಗಾಲು ನೋಡಿದವರೇ ನನ್ನ ಕಿವಿಯಲ್ಲಿ, ಗುರುದೇವಿ, ಇಲ್ನೋಡ, ಆರು ಬೆರಳು ಅದಾವು, ಪಾಪ, ಹುಟ್ಟಾ ಕೊರತಿ ಇದಕ್ಕ, ಇದನ್ನ ಯಾರೂ ಒಯ್ಯಂಗಿಲ್ಲ, ಆ ಅಜ್ಜಿಗೆ ತಿಳಿಯಬಾರದೆಂದು ಕನ್ನಡದಲ್ಲಿ, ನನಗೂ ಕರುಳು ಚುರುಕ್ಕೆಂದಿತು, ಹಂಗಾರ ನಾವ ಒಯ್ಯೂಣ್ರೀ ಅಂದೆ. ಆಮೇಲೆ ಇವರು ಗಂಟಲು ಸರಿಮಾಡಿಕೊಂಡು, ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ, ಅಮ್ಮಾ, ಈ ಮರಿಯ ಕಾಲು ಹೀಗಿದೆ, ನಮಗೇನೂ ಬೇಸರವಿಲ್ಲ ಎಂದರು. ಅಜ್ಜಿ ನಕ್ಕಳು ನೋಡಿ, ಕುರ್ಚಿ ಹಿಡಿದುಕೊಂಡು ನಕ್ಕಳು, ರೊಟ್ಟಿ ಮಗುಚಿದ ಹಾಗೆ ಒಂದೊಂದೇ ಮರಿಯನ್ನು ಮಗುಚಿ ಹಿಂಗಾಲು ತೋರಿಸಿದಳು, ಆರು, ಆರು, ಆರು, ತಾಯಿನಾಯಿಗೂ ಆರು, ಡಾಕ್ಟರೇ, ಈ ತಳಿಗೆ ಇರಬೇಕಾದದ್ದೇ ಇದು, ಇಲ್ಲದಿದ್ದರೆ ನಾನು ಅನುಮಾನಪಡುತ್ತೇನೆ. ಇಬ್ಬರು ಡಾಕ್ಟರರು, ಗೋಡೆ ತುಂಬ ಪದವಿಗಳು, ಬೆಪ್ಪಾಗಿ ನಿಂತೆವು. ಆಲ್ ಆಫ್ ದೆಮ್? ಅಂದಳು ಧೃತಿ, ಎಲ್ಲಕ್ಕೂನಾ, ಅಂದವಳ ಎಡಗೈ ತೋಳಿನಿಂದ ತಾನಾಗಿ ಹೊರಗೆ ಬಂತು, ಆ ಪುಟ್ಟ ಬೆರಳನ್ನು ಮುಟ್ಟಿತು, ಕಿರುಬೆರಳಿನ ಬದಿಯ ಅವಳ ಬಿಳಿ ಗುರುತು ಕಂಡಿತು, ನಾನು ಕಿಟಕಿಯ ಕಡೆ ನೋಡಿದೆ.

ಉಂಡಿ ಎಂದು ಹೆಸರಿಟ್ಟವಳೂ ಅವಳೇ, ನಾನು ಕನ್ನಡದಲ್ಲಿ ಹತ್ತು ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಹೇಳುವ ಹುಡುಗಿ, ನನ್ನ ಅವ್ವ ಧಾರವಾಡದಿಂದ ಕಟ್ಟಿ ಕಳಿಸಿದ ಬೇಸನ್ ಉಂಡಿಯ ಡಬ್ಬಿಯನ್ನೂ ಮರಿಯ ಬಣ್ಣವನ್ನೂ ನೋಡಿ ಇಟ್ಟ ಹೆಸರು, ಈಗ ಪಿನ್ನರಿನ ಪಾರ್ಕಿನಲ್ಲಿ ಉಂಡೀ ಉಂಡೀ ಎಂದು ಕೂಗಿದರೆ ನನಗೆ ಹಸಿವಾಗುತ್ತದೆ. ಜನ್ಮದಲ್ಲಿ ಮೊಟ್ಟೆ ಮುಟ್ಟದ ವೀರಣ್ಣನವರು ಗ್ಯಾರೇಜಿನಲ್ಲಿ ಮಾಸ್ಕ್ ಕಟ್ಟಿಕೊಂಡು ಇವನಿಗೆ ಮಾಂಸದ ಡಬ್ಬಿ ತೆರೆಯುತ್ತಾರೆ, ಇವನು ಅದನ್ನು ತಿಂದು ಬಂದು ನಮ್ಮ ಮೊಸರನ್ನಕ್ಕೂ ಬಾಲ ಆಡಿಸುತ್ತಾನೆ, ಹದ್ದು ಬಂದು ಕುರಿಮರಿ ಒಯ್ಯದಂತೆ ಆಕಾಶ ಕಾಯುವುದು ಇವನ ಹಿರಿಯರ ಕೆಲಸವಂತೆ, ಇವನು ವಿಮಾನಗಳಿಗೆ ಬೊಗಳುತ್ತಾನೆ, ಹೀಥ್ರೂ ಹತ್ತಿರದಲ್ಲಿದ್ದರೆ ಬಿಡುವೆಲ್ಲಿ ಪಾಪ, ಒಂದೊಂದು ವಿಮಾನವನ್ನೂ ನಮ್ಮ ಹಿತ್ತಲಿನಿಂದ ಓಡಿಸಿ ಧೃತಿಯ ಕಡೆ ತಿರುಗಿ ನೋಡುತ್ತಾನೆ, ಗುಡ್ ಬಾಯ್ ಎನ್ನುತ್ತಾಳೆ, ಅವನ ಕುತ್ತಿಗೆಗೆ ಬಾಯಿಯಿಟ್ಟು ಶಾಲೆಯದೆಲ್ಲ ಹೇಳುತ್ತಾಳೆ, ನನಗೆ ಹೇಳದ್ದನ್ನು. ನನಗೇಕೆ ಹೇಳಬೇಕು, ಆರು ವರ್ಷದವಳಿದ್ದಾಗ ಈ ಗುರುತೇನೆಂದು ಬಂದು ಕೇಳಿದಳಲ್ಲ, ಇಂಜೆಕ್ಷನ್ ಕೊಟ್ಟದ್ದು ಅಂದುಬಿಟ್ಟೆ, ಡಾಕ್ಟರಾದವಳ ಬಾಯಿಂದ ಎಂಥ ಸುಳ್ಳು. ಹುಟ್ಟಿದಾಗ ಇತ್ತು, ಕಿರುಬೆರಳಿಗೆ ಅಂಟಿಕೊಂಡು ಇನ್ನೊಂದು, ಉಗುರೂ ಇತ್ತು, ಇಷ್ಟೇ ಇಷ್ಟು, ಅವ್ವ ಫೋನಿನಲ್ಲಿ, ಆರನೇ ಬೆರಳು ಅಂದ್ರ ಅದೃಷ್ಟ ನೋಡವಾ, ಕೊಯ್ಸಬ್ಯಾಡ್ರಿ, ಇವರು, ಕೊಯ್ಯೂದಲ್ಲ ಅತ್ತಿ, ದಾರ ಕಟ್ಟತೀನಿ, ಕೂಸಿಗೆ ಗೊತ್ತೂ ಆಗಂಗಿಲ್ಲ, ಕಟ್ಟಿದರು, ಸಹಿ ನಾನೇ ಹಾಕಿದೆ, ಏಳನೆಯ ದಿನ ಎಣ್ಣೆ ಹಚ್ಚುವಾಗ ನನ್ನ ಅಂಗೈಗೇ ಉದುರಿತು, ಕಪ್ಪಗೆ, ಲವಂಗದಷ್ಟು, ಕೂಸು ಅಳಲೂ ಇಲ್ಲ, ನಾನೇ ಅತ್ತೆ.

ಹೆಸರು ಕರೆದರು, ಉಂಡಿ ಅನ್ನಲು ಬಾರದೆ ಊಂಡಿ ಎಂದರು, ಇನ್ನು ತಡ ಮಾಡುವಂತಿಲ್ಲ, ಉಪಯೋಗವಿಲ್ಲದ್ದು ಹೋದರೆ ಮತ್ತೆ ಮುಳ್ಳಿಗೆ ಸಿಕ್ಕುವುದಿಲ್ಲ, ಬುದ್ಧಿ ಹಾಗೇ ಹೇಳುತ್ತದೆ, ಆಗಲೂ ಹಾಗೇ ಹೇಳಿತ್ತು, ಪೆನ್ನು ಎತ್ತಿಕೊಂಡೆ, ಸಹಿಯ ಜಾಗದ ಮೇಲೆ ಧೃತಿಯ ಎಡಗೈ ಬಂದು ಕೂತಿತು, ಬರಿಗೈ, ಡೋಂಟ್ ಸೈನ್, ಮಮ್ಮೀ, ಅಜ್ಜಿ ಟೋಲ್ಡ್ ಮಿ, ಧಾರವಾಡದ ಅಜ್ಜಿ, ನನ್ನ ಅವ್ವ, ಫೋನಿನಲ್ಲಿ ಎಲ್ಲ ಹೇಳಿದಳಂತೆ. ಯಾವಾಗ? ಹೋದ ವರ್ಷ. ಹೋದ ವರ್ಷವೇ ಗೊತ್ತಿದ್ದು ಬಾಯಿ ಬಿಟ್ಟಿಲ್ಲ ನನ್ನ ಮಗಳು, ಇನ್ನಷ್ಟು ಸುಳ್ಳು ಹೇಳುವ ಕಷ್ಟ ನನಗೆ ಬೇಡವೆಂದೋ ಏನೋ, ಬೆರಳು ತೆಗೆಯುವ ಸಾಲಿಗೆ ಅಡ್ಡಗೆರೆ ಎಳೆದೆ, ಉಗುರಿಗೆ ಮಾತ್ರ ಚಿಕಿತ್ಸೆ ಎಂದು ಬರೆದೆ, ಅದರ ಕೆಳಗೆ ಸಹಿ, ಡಾಕ್ಟರಮ್ಮ ಉಂಡಿಯನ್ನು ಎತ್ತಿಕೊಂಡು ಒಳಗೆ ಹೋದಳು, ನನ್ನ ಮಡಿಲು ಹಗುರಾಯಿತು, ತಣ್ಣಗಾಯಿತು. ವೇರ್ ಡಿಡ್ ಯು ಥ್ರೋ ಮೈನ್? ನನ್ನದನ್ನು ಎಲ್ಲಿ ಎಸೆದೆ, ನನ್ನ ಮುಖ ನೋಡದೆ ಕೇಳುತ್ತಾಳೆ, ಸಿಟ್ಟೂ ಇಲ್ಲ ದನಿಯಲ್ಲಿ, ವೀರಣ್ಣನವರಿಗೂ ಹೇಳಿಲ್ಲ, ಓದಿದವಳು ಮಾಡುವ ಕೆಲಸವೇ ಎಂದು ನಕ್ಕಾರೆಂದು, ಒಗದಿಲ್ಲವ್ವಾ, ಒಗ್ಯಾಕ ಕೈ ಬರಲಿಲ್ಲ ನನಗ, ಮನ್ಯಾಗ ಐತಿ, ತಿಜೋರಿಯೊಳಗ, ಬೆಳ್ಳಿ ಭರಣ್ಯಾಗ, ನಿನ್ನ ಹೊಕ್ಕಳಬಳ್ಳಿ ಜೋಡಿ — ಅವಳು ತಿರುಗಿ ನೋಡಿದಳು, ತೋರಸ್ತೀಯಾ ಅಂದಳು, ಕನ್ನಡದಲ್ಲಿ, ಹೂಂ, ಹತ್ತಿಯ ಮೇಲಿದೆ, ಕಪ್ಪಗೆ, ಲವಂಗದಷ್ಟು, ಹತ್ತು ವರ್ಷದಿಂದ, ಕಪ್ಪಗೆ, ಲವಂಗದಷ್ಟು —